ನಿಜವಾದ ಸಂಗೀತಗಾರನಾರು? – ಜೈನ ಕಾವ್ಯಗಳ ಬೆಳಕಿನಲ್ಲಿ ಒಂದು ವಿಚಾರ

ಒಳ್ಳೆಯ ಕಂಠವುಳ್ಳವರೆಲ್ಲರೂ ಸಂಗೀತಗಾರರೇ ಎಂಬುದು ಬಹು ಹಳೆಯ ಪ್ರಶ್ನೆ. ದಶಲಕ್ಷಣ ಪರ್ವಕ್ಕೋ ಪಂಚಕಲ್ಯಾಣ ಮಹೋತ್ಸವಕ್ಕೋ ಗಾಯಕರನ್ನು ಆಹ್ವಾನಿಸುವಾಗ ನಮ್ಮ ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ಮೊದಲು ಕೇಳಿಬರುವ ಮಾತು ‘ಕಂಠ ಹೇಗಿದೆ?’ ಎಂಬುದು, ಎರಡನೆಯದು ‘ಜನ ಸೇರುತ್ತಾರೆಯೇ?’ ಎಂಬುದು. ಈ ಎರಡು ಪ್ರಶ್ನೆಗಳೂ ಅನುಚಿತವಲ್ಲ. ಆದರೆ ಇವೆರಡರಲ್ಲಿಯೇ ವಿಚಾರ ಮುಗಿದುಹೋದರೆ ನಮ್ಮ ಪರಂಪರೆ ಈ ವಿಷಯದಲ್ಲಿ ಮಾಡಿರುವ ಚಿಂತನೆಗೆ ನಾವು ಎರವಾಗುತ್ತೇವೆ. ಸಂಗೀತಶಾಸ್ತ್ರವನ್ನು ಬರೆದ ಜೈನ ವಿದ್ವಾಂಸರಿದ್ದಾರೆ. ಸಂಗೀತವನ್ನು ಕಥೆಯ ಮರ್ಮಸ್ಥಾನದಲ್ಲಿ ಇರಿಸಿದ ಜೈನ ಕವಿಗಳಿದ್ದಾರೆ. ಶಾಸ್ತ್ರವು ಕೊಡುವ ಉತ್ತರವನ್ನೂ ಕಾವ್ಯವು ಕೊಡುವ ಉತ್ತರವನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಶಾಸ್ತ್ರದಿಂದ ಆರಂಭಿಸೋಣ. ಶ್ವೇತಾಂಬರ ಪರಂಪರೆ ಕಾಪಾಡಿಕೊಂಡು ಬಂದಿರುವ ಅನುಯೋಗದ್ವಾರ ಸೂತ್ರದಲ್ಲಿ ಸಪ್ತಸ್ವರಗಳ ವಿವೇಚನೆಯೊಡನೆ ಗೀತದ ಆರು ದೋಷಗಳನ್ನೂ ಎಂಟು ಗುಣಗಳನ್ನೂ ಹೇಳಿದೆ. ಹೆದರಿ ಹಾಡುವುದು, ಅವಸರದಿಂದ ಹಾಡುವುದು, ತಾಳ ತಪ್ಪಿ ಹಾಡುವುದು, ಕಾಗೆಯ ಸ್ವರದಲ್ಲಿ ಹಾಡುವುದು, ಮೂಗಿನಿಂದ ಹಾಡುವುದು ಮೊದಲಾದವು ದೋಷಗಳು. ಪೂರ್ಣ, ರಕ್ತ, ಅಲಂಕೃತ, ವ್ಯಕ್ತ, ಮಧುರ, ಸಮ ಮೊದಲಾದವು ಗುಣಗಳು. ಮೋಕ್ಷಮಾರ್ಗವನ್ನು ಕುರಿತ ಆಗಮವೊಂದು ಗಾಯಕನ ಮೂಗಿನ ಸ್ವರವನ್ನೂ ಗಮನಿಸಿದೆಯೆಂಬುದು ನಮ್ಮ ಪೂರ್ವಿಕರು ಸಂಗೀತವನ್ನು ಎಷ್ಟು ಗಂಭೀರವಾಗಿ ಭಾವಿಸಿದ್ದರೆಂಬುದಕ್ಕೆ ಸಾಕ್ಷಿ.

ದೇವಗಿರಿಯ ಯಾದವರ ಆಶ್ರಯದಲ್ಲಿ ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವನು ರಚಿಸಿದ ಸಂಗೀತರತ್ನಾಕರದಲ್ಲಿ ಈ ಪಟ್ಟಿ ಇನ್ನಷ್ಟು ಬೆಳೆದಿದೆ. ಅಲ್ಲಿ ಗಾಯಕನ ದೋಷಗಳು ಒಟ್ಟು 25. ಹಲ್ಲು ಕಚ್ಚಿ ಹಾಡುವವನು ಸಂದಷ್ಟ. ಒಂಟೆಯಂತೆ ಕತ್ತು ನೀಡಿ ಹಾಡುವವನು ಕರಭ. ಕಣ್ಣು ಮುಚ್ಚಿ ಹಾಡುವವನು ನಿಮೀಲಕ. ಇವೆಲ್ಲ ಅಂಗದ ಮತ್ತು ಕಂಠದ ದೋಷಗಳು. ಆದರೆ ಅದೇ ಪಟ್ಟಿಯಲ್ಲಿ ‘ಅನವಧಾನ’ ಎಂಬ ಇನ್ನೊಂದು ದೋಷವಿದೆ. ಇದು ಕಂಠಕ್ಕೆ ಸೇರಿದ್ದಲ್ಲ, ಮನಸ್ಸಿಗೆ ಸೇರಿದ್ದು. ತಾನು ಹಾಡುತ್ತಿರುವಲ್ಲಿ ತಾನೇ ಇಲ್ಲದಿರುವುದು ಅನವಧಾನ. ಉತ್ತಮ ಗಾಯಕನ ಗುಣಗಳನ್ನು ಎಣಿಸುವಾಗಲೂ ಶಾರ್ಙ್ಗದೇವನು ‘ಸಾವಧಾನ’ನಾಗಿರುವುದನ್ನು ಮರೆಯದೆ ಸೇರಿಸುತ್ತಾನೆ.

ಜೈನ ಓದುಗರಿಗೆ ಈ ಮಾತು ಎಲ್ಲಿಯೋ ಕೇಳಿದಂತೆ ತೋರಿದರೆ ಆಶ್ಚರ್ಯವಿಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ ಅದರ ಮೂಲವಾದ ಪ್ರಮಾದವನ್ನೂ ಹೇಳುತ್ತಾರೆ. ಪ್ರಮಾದವೆಂದರೆ ಕಷಾಯವಶನಾಗಿ ಎಚ್ಚರ ತಪ್ಪಿರುವ ಸ್ಥಿತಿ. ಶ್ರಾವಕನು ನೀರು ಸೋಸುವಾಗಲೂ ಮುನಿಯು ಹೆಜ್ಜೆಯಿಡುವಾಗಲೂ ಪಾಲಿಸಬೇಕಾದುದು ಈ ಎಚ್ಚರವನ್ನೇ. ಸ್ವರವನ್ನು ಇಡುವಾಗ ಗಾಯಕನಿಗೆ ಬೇಕಾದುದೂ ಅದೇ. ಆದುದರಿಂದ ಗಾಯಕನ ಅವಧಾನವೂ ಶ್ರಾವಕನ ಅಪ್ರಮಾದವೂ ಒಂದೇ ಬಳ್ಳಿಯ ಎರಡು ಹೂಗಳು ಎಂದರೆ ತಪ್ಪಾಗಲಾರದು.

ಹೀಗೆಂದು ಹೇಳಿ ಲೇಖನವನ್ನು ಮುಗಿಸಿಬಿಡಬಹುದಿತ್ತು. ಹಾಗೆ ಮುಗಿಸಲು ಬಿಡದ ಕಾವ್ಯವೊಂದು ಕನ್ನಡದಲ್ಲಿದೆ. ಅದು 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆ.

ಕಥೆ ನಮ್ಮ ಮನೆಗಳಲ್ಲಿ ಪರಿಚಿತವೇ. ಉಜ್ಜಯಿನಿಯ ಅರಸ ಯಶೋಧರ. ಅವನ ರಾಣಿ ಅಮೃತಮತಿ. ಒಂದು ರಾತ್ರಿ ಆನೆಯ ಲಾಯದಿಂದ ಮಾವುತ ಅಷ್ಟಾವಂಕನ ಹಾಡು ಕೇಳಿಬರುತ್ತದೆ. ರಾಣಿಯ ಮನಸ್ಸು ಆ ದನಿಗೆ ಸೋಲುತ್ತದೆ. ಅವನಾರೆಂದು ನೋಡಿಬರಲು ಸಖಿಯನ್ನು ಕಳುಹಿಸುತ್ತಾಳೆ. ಸಖಿ ಮರಳಿ ಬಂದು ಅವನ ವಿಕಾರರೂಪವನ್ನು ಬಣ್ಣಿಸುತ್ತಾಳೆ. ಆದರೂ ರಾಣಿ ಹಿಂಜರಿಯುವುದಿಲ್ಲ. ಮುಂದೊಂದು ದಿನ ತಡವಾಗಿ ಬಂದಳೆಂಬ ಕಾರಣಕ್ಕೆ ಅಷ್ಟಾವಂಕನು ಅವಳನ್ನು ಹಿಡಿದು ಥಳಿಸುತ್ತಾನೆ. ಅವಳನ್ನು ಹಿಂಬಾಲಿಸಿ ಬಂದ ಯಶೋಧರನು ಅದೆಲ್ಲವನ್ನೂ ನೋಡುತ್ತಾನೆ, ಕತ್ತಿಯೆತ್ತುತ್ತಾನೆ, ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ.

ಈ ಭಾಗವನ್ನು ಓದುವವರು ಸಾಮಾನ್ಯವಾಗಿ ಎರಡು ತೀರ್ಮಾನಗಳಿಗೆ ಬರುತ್ತಾರೆ. ಅಮೃತಮತಿಯ ಕಾಮಾಂಧತೆಯನ್ನು ತೋರಿಸುವುದೇ ಕವಿಯ ಉದ್ದೇಶವೆಂಬುದು ಒಂದು. ಸಂಗೀತವು ಇಂದ್ರಿಯಗಳನ್ನು ಕೆರಳಿಸುವ ವಸ್ತುವಾದುದರಿಂದ ಅದರ ವಿಷಯದಲ್ಲಿ ಎಚ್ಚರವಾಗಿರಬೇಕೆಂಬುದು ಇನ್ನೊಂದು. ಈ ಎರಡನೆಯ ತೀರ್ಮಾನವನ್ನು ಒಪ್ಪಲು ಕಾವ್ಯವೇ ಅಡ್ಡಿಯಾಗುತ್ತದೆ. ಅಷ್ಟಾವಂಕನ ಗಾನ ಕೆಟ್ಟದೆಂದು ಜನ್ನನು ಎಲ್ಲಿಯೂ ಹೇಳುವುದಿಲ್ಲ. ಅದು ನಿಜವಾಗಿಯೂ ಇಂಪಾದ ಗಾನ. ಅಷ್ಟು ಇಂಪಾಗಿದ್ದುದರಿಂದಲೇ ಕಥೆ ಮುಂದುವರಿಯುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಅಷ್ಟಾವಂಕನ ದೇಹದ ಕುರೂಪವನ್ನು ಕವಿ ವಿಸ್ತಾರವಾಗಿ ವರ್ಣಿಸಿರುವುದರಿಂದ ಅವನ ಅಪರಾಧ ಅವನ ರೂಪದಲ್ಲಿಯೋ ಕುಲದಲ್ಲಿಯೋ ಇದೆಯೆಂಬ ಭ್ರಮೆ ಓದುಗನಿಗೆ ಹುಟ್ಟಬಹುದು. ವಕ್ರವಾದ ಅಂಗ ಅವನ ತಪ್ಪಲ್ಲ. ಆನೆಯನ್ನು ಕಾಯುವ ವೃತ್ತಿಯೂ ತಪ್ಪಲ್ಲ. ದನಿಯನ್ನು ಕೇಳಿದ ಮೇಲೆ ರೂಪವನ್ನು ಲೆಕ್ಕಿಸುವುದಿಲ್ಲವೆಂಬ ರಾಣಿಯ ನಿಲುವು ಅಷ್ಟರಮಟ್ಟಿಗೆ ಸರಿಯಾದುದೇ ಆಗಿದೆ. ಅಷ್ಟಾವಂಕನನ್ನು ಅಳೆಯಬೇಕಾದುದು ಅವನು ಕೈಯೆತ್ತಿದ ಕ್ಷಣದಲ್ಲಿ. ತನ್ನ ಹಾಡನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿದ ಒಂದು ಜೀವವನ್ನೇ ಅವನು ಹೊಡೆದನು. ಅವನ ಕಂಠದಿಂದ ಹೊರಟ ಮಾಧುರ್ಯ ಅರಮನೆಯವರೆಗೆ ಹೋಯಿತು. ಅವನ ಕಿವಿಗೆ ಮಾತ್ರ ಮರಳಿ ಬರಲಿಲ್ಲ.

ಯಶೋಧರ ಚರಿತೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿದರೆ ಅದರ ತಿರುವುಗಳೆಲ್ಲ ಒಂದೊಂದು ದನಿಯ ಸುತ್ತ ನಿಂತಿರುವುದು ಕಾಣುತ್ತದೆ. ಮೊದಲನೆಯದು ಅಷ್ಟಾವಂಕನ ಹಾಡು. ಎರಡನೆಯದು ಹಿಟ್ಟಿನ ಕೋಳಿಯ ಕೂಗು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವವಿಲ್ಲದ ಕೋಳಿಯಾದುದರಿಂದ ಹಿಂಸೆಯಿಲ್ಲವೆಂದುಕೊಂಡು ಯಶೋಧರನು ಅದನ್ನು ಕಡಿಯುತ್ತಾನೆ, ಕೋಳಿ ಕೂಗಿಬಿಡುತ್ತದೆ. ಆ ಕೂಗನ್ನು ಕೇಳಿದ ಮೇಲೆಯೇ ತಾನು ಸಂಕಲ್ಪಹಿಂಸೆ ಮಾಡಿದೆನೆಂಬ ಅರಿವು ಅವನಿಗಾಗುತ್ತದೆ. ಆಗ ಕಾಲ ಮೀರಿರುತ್ತದೆ. ಮೂರನೆಯದು ನಿಜವಾದ ಕೋಳಿಗಳ ಕೂಗು. ಜನ್ಮಜನ್ಮಾಂತರಗಳಲ್ಲಿ ತೊಳಲಿ ಕೋಳಿಗಳಾಗಿ ಹುಟ್ಟಿದ ಯಶೋಧರ ಮತ್ತು ಚಂದ್ರಮತಿ ಮುನಿಯ ಉಪದೇಶವನ್ನು ಕೇಳಿ, ಪೂರ್ವಜನ್ಮವನ್ನು ನೆನೆದು, ಹರ್ಷದಿಂದ ಕೂಗುತ್ತಾರೆ. ಅದೇ ಉದ್ಯಾನದಲ್ಲಿದ್ದ ಅರಸ ಯಶೋಮತಿ ರಾಣಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಲು ದನಿ ಬಂದತ್ತ ಬಾಣ ಬಿಡುತ್ತಾನೆ. ಬಾಣ ಗುರಿ ತಪ್ಪುವುದಿಲ್ಲ. ಕೋಳಿಗಳೆರಡೂ ಸಾಯುತ್ತವೆ. ಅವು ಬೇರೆ ಯಾರೂ ಅಲ್ಲ, ಅವನ ತಂದೆ ಮತ್ತು ಅಜ್ಜಿ.

ಈ ಮೂರನೆಯ ದನಿಯ ಪ್ರಸಂಗ ನಮ್ಮ ವಿಷಯಕ್ಕೆ ಅತಿ ಮುಖ್ಯ. ಯಶೋಮತಿಯ ಕಿವಿಯಲ್ಲಿ ಯಾವ ಕೊರತೆಯೂ ಇಲ್ಲ. ದನಿ ಎಲ್ಲಿಂದ, ಎಷ್ಟು ದೂರದಿಂದ ಬಂತೆಂಬುದನ್ನು ಕಣ್ಣಿನ ಸಹಾಯವಿಲ್ಲದೆ ಅಳೆಯಬಲ್ಲ ಕಿವಿ ಅದು. ಅಲ್ಲಿ ಅವಧಾನವಿದೆ, ಅಭ್ಯಾಸವಿದೆ, ನೈಪುಣ್ಯವಿದೆ. ಆದರೂ ಆ ಕಿವಿ ದನಿಯನ್ನು ಕೇಳಿತೇ ಹೊರತು ದನಿಯ ಹಿಂದಿದ್ದ ಜೀವವನ್ನು ಕೇಳಲಿಲ್ಲ. ಹೀಗೆ, ಶಾಸ್ತ್ರವು ಹೇಳಿದ ಅವಧಾನವೊಂದೇ ಸಾಲದೆಂಬುದನ್ನು ಜನ್ನನು ತೋರಿಸಿಕೊಟ್ಟನು. ಕರುಣೆಯಿಲ್ಲದ ಸೂಕ್ಷ್ಮ ಶ್ರವಣವು ಬಾಣಕ್ಕೆ ದಾರಿ ತೋರುವ ಸಾಧನವಾಗಬಲ್ಲದು.

ನಾಲ್ಕನೆಯ ದನಿ ಅಭಯರುಚಿಯದು. ಮಾರಿಯ ಗುಡಿಯಲ್ಲಿ ಬಲಿಗೆಂದು ಹಿಡಿದು ತಂದ ಬಾಲಕನು ಮಾರಿದತ್ತರಾಜನಿಗೆ ಈ ಕಥೆಯನ್ನೆಲ್ಲ ಹೇಳುತ್ತಾನೆ. ಅದರಲ್ಲಿ ರಾಗವಿಲ್ಲ, ತಾಳವಿಲ್ಲ. ಆದರೆ ಅದನ್ನು ಕೇಳಿದ ಅರಸನ ಕೈ ಹಿಂಸೆಯಿಂದ ಹಿಂದೆ ಸರಿಯುತ್ತದೆ. ಇಡೀ ಕಾವ್ಯದಲ್ಲಿ ಜೀವಗಳನ್ನು ಉಳಿಸಿದ್ದು ಈ ದನಿ. ಸುಮಾರು ಮುನ್ನೂರು ಪದ್ಯಗಳ ಈ ಪುಟ್ಟ ಕಾವ್ಯವು ಕಿವಿಯ ಕಥೆಯೂ ಹೌದೆಂಬುದನ್ನು ನಮ್ಮ ವಿಮರ್ಶೆ ಇನ್ನಷ್ಟು ಗಮನಿಸಬೇಕಾಗಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಲೆಯನ್ನು ಕಲೆಯಾಗಿ ನೋಡಬೇಕು. ಕಲಾವಿದನ ನಡತೆ ಬೇರೆ, ಅವನ ಕಲೆ ಬೇರೆ. ನಡತೆಗೆಟ್ಟವನೂ ಶುದ್ಧವಾಗಿ ಹಾಡಬಲ್ಲನಲ್ಲವೇ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅಷ್ಟಾವಂಕನ ಸ್ವರ ಶುದ್ಧವಾಗಿತ್ತೆಂಬುದನ್ನು ನಾವೂ ಒಪ್ಪಿದ್ದೇವೆ. ಶಾರ್ಙ್ಗದೇವನ ಪಟ್ಟಿಯಲ್ಲಿ ಕ್ರೌರ್ಯವೆಂಬ ದೋಷ ಇಲ್ಲವೆಂಬುದೂ ನಿಜ. ಒಬ್ಬನ ಹಾಡನ್ನು ಮೆಚ್ಚುವ ಮೊದಲು ಅವನ ಚಾರಿತ್ರ್ಯದ ಪ್ರಮಾಣಪತ್ರವನ್ನು ಕೇಳುವುದು ಸಹೃದಯರ ಲಕ್ಷಣವಲ್ಲ. ಆದರೆ ‘ಇವನು ಚೆನ್ನಾಗಿ ಹಾಡುತ್ತಾನೆ’ ಎನ್ನುವುದಕ್ಕೂ ‘ಇವನು ಸಂಗೀತಗಾರ’ ಎನ್ನುವುದಕ್ಕೂ ಅಂತರವಿದೆ. ಮೊದಲನೆಯದು ಒಂದು ರಾತ್ರಿಯ ಹಾಡನ್ನು ಕುರಿತ ಮಾತು; ಎರಡನೆಯದು ಒಂದು ಬಾಳನ್ನು ಕುರಿತ ಮಾತು. ಸ್ವರದ ಸೂಕ್ಷ್ಮಭೇದಗಳನ್ನು ಕೇಳಲು ವರ್ಷಗಟ್ಟಲೆ ಕಿವಿಯನ್ನು ಹದಮಾಡಿಕೊಂಡವನು ಪಕ್ಕದಲ್ಲಿರುವ ಜೀವದ ನೋವನ್ನು ಕೇಳಲಾರನಾದರೆ ಆ ಸಾಧನೆ ಅರ್ಧಕ್ಕೆ ನಿಂತಿತೆಂದೇ ಹೇಳಬೇಕು.

ಸಾಧನೆ ಪೂರ್ಣವಾದಾಗ ಏನಾಗುತ್ತದೆಂಬುದಕ್ಕೆ ನಮ್ಮ ಪುರಾಣಗಳಲ್ಲಿಯೇ ಉದಾಹರಣೆಯಿದೆ. ಸಂಘದಾಸಗಣಿಯ ಪ್ರಾಕೃತ ಗ್ರಂಥವಾದ ವಸುದೇವಹಿಂಡಿಯಲ್ಲಿ ಗಂಧರ್ವದತ್ತೆಯ ವೀಣಾಸ್ಪರ್ಧೆಯ ಪ್ರಸಂಗ ಬರುತ್ತದೆ. ನುಡಿಸಲೆಂದು ತಂದುಕೊಟ್ಟ ವೀಣೆಗಳನ್ನು ವಸುದೇವನು ಒಂದೊಂದಾಗಿ ನಿರಾಕರಿಸುತ್ತಾನೆ. ಒಂದರ ತಂತಿಯಲ್ಲಿ ಕೂದಲು ಸೇರಿದೆ. ಇನ್ನೊಂದರ ಮರ ಕಾಡ್ಗಿಚ್ಚಿನಲ್ಲಿ ಬೆಂದದ್ದು. ಮತ್ತೊಂದರ ಮರ ನೀರಿನಲ್ಲಿ ಮುಳುಗಿದ್ದದ್ದು. ವಾದ್ಯವು ಪಟ್ಟ ಪಾಡನ್ನು ಅದರ ನಾದದಲ್ಲಿ ಗುರುತಿಸಬಲ್ಲ ಕಿವಿ ಅವನದು. ಅಂತಹ ಕಿವಿಯುಳ್ಳವನು ಕೊನೆಗೆ ಹಾಡಿದ್ದು ಯಾವುದನ್ನು? ವಿಷ್ಣುಕುಮಾರ ಮುನಿಗೆ ಸಂಬಂಧಿಸಿದ ಗೀತವನ್ನು.

ವಿಷ್ಣುಕುಮಾರರ ಕಥೆ ರಕ್ಷಾಬಂಧನದ ದಿನ ನಮ್ಮ ಮಕ್ಕಳೂ ಕೇಳುವ ಕಥೆ. ಅಕಂಪನಾಚಾರ್ಯರೂ ಅವರ ಏಳುನೂರು ಮುನಿಗಳೂ ಉಪಸರ್ಗಕ್ಕೆ ಒಳಗಾದಾಗ ವಿಷ್ಣುಕುಮಾರರು ತಮ್ಮ ಋದ್ಧಿಯಿಂದ ದೇಹವನ್ನು ಬೆಳೆಸಿ ಬಲಿಯ ಅಹಂಕಾರವನ್ನು ಅಡಗಿಸಿದರು. ಉಪಸರ್ಗ ನಿವಾರಣೆಯಾದ ಮೇಲೆ ಲೋಕವನ್ನೇ ನಡುಗಿಸುತ್ತಿದ್ದ ಆ ಪ್ರಚಂಡ ರೂಪವನ್ನು ಶಾಂತಗೊಳಿಸಬೇಕಾಗಿತ್ತು. ದೇವಗಂಧರ್ವರು ಅದನ್ನು ಗಾನದಿಂದ ಸಾಧಿಸಿದರೆಂದು ಪುರಾಣ ಹೇಳುತ್ತದೆ. ನ್ಯಾಯವಾದ ಕಾರಣಕ್ಕೆ ಎದ್ದ ಕೋಪವೂ ಒಂದು ಹಂತದಲ್ಲಿ ಇಳಿಯಬೇಕು. ಆ ಇಳಿಸುವ ಕೆಲಸವನ್ನು ನಮ್ಮ ಕವಿಗಳು ಸಂಗೀತಕ್ಕೆ ಒಪ್ಪಿಸಿದರು. ಜನ್ನನ ಕಾವ್ಯದ ಗಾನದಿಂದ ಒಂದು ಮನೆಯೇ ಹೊತ್ತಿ ಉರಿಯಿತು. ಈ ಗಾನದಿಂದ ಲೋಕದ ಉರಿ ತಣ್ಣಗಾಯಿತು. ಸಂಗೀತ ಎರಡನ್ನೂ ಮಾಡಬಲ್ಲದು. ಆದುದರಿಂದಲೇ ಅದು ಯಾರ ಕೈಯಲ್ಲಿದೆಯೆಂಬ ಪ್ರಶ್ನೆ ಮುಖ್ಯವಾಗುತ್ತದೆ.

ಇದಕ್ಕೂ ಹಿಂದೆ, ಆದಿತೀರ್ಥಂಕರರ ಕಾಲಕ್ಕೆ ಹೋದರೆ ಮತ್ತೊಂದು ಸಂಗತಿ ಕಾಣಸಿಗುತ್ತದೆ. ಜಿನಸೇನಾಚಾರ್ಯರ ಆದಿಪುರಾಣದ ಪ್ರಕಾರ ಋಷಭದೇವರು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದಂತೆ ಮಗ ವೃಷಭಸೇನನಿಗೆ ಗಾಂಧರ್ವಶಾಸ್ತ್ರವನ್ನು ಕಲಿಸಿದರು. ಆ ವೃಷಭಸೇನನೇ ಮುಂದೆ ಭಗವಂತರ ಮೊದಲ ಗಣಧರನಾದನು. ಗಣಧರನೆಂದರೆ ದಿವ್ಯಧ್ವನಿಯನ್ನು ಕೇಳಿ, ಗ್ರಹಿಸಿ, ಲೋಕಕ್ಕೆ ತಲುಪಿಸುವವನು. ಸಂಗೀತವನ್ನು ಕಲಿತ ಕಿವಿಯೇ ದಿವ್ಯಧ್ವನಿಗೆ ಮೊದಲು ತೆರೆದುಕೊಂಡಿತೆಂಬುದನ್ನು ಪುರಾಣಕಾರರು ಎತ್ತಿ ಹೇಳಿಲ್ಲದಿರಬಹುದು. ಆದರೆ ಎರಡು ಸಂಗತಿಗಳನ್ನು ಜೋಡಿಸಿ ನೋಡುವ ಓದುಗನಿಗೆ ಅದರ ಅರ್ಥ ತಾನಾಗಿ ಹೊಳೆಯುತ್ತದೆ.

ಅದೇ ಋಷಭದೇವರ ಆಸ್ಥಾನದ ನೀಲಾಂಜನೆಯ ನೃತ್ಯವನ್ನು 941ರಲ್ಲಿ ಪಂಪನು ಕನ್ನಡಕ್ಕೆ ತಂದನು. ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ಮುಗಿಯಿತು. ರಸಭಂಗವಾಗಬಾರದೆಂದು ಇಂದ್ರನು ಕ್ಷಣದೊಳಗೆ ಅವಳಂಥವಳೇ ಇನ್ನೊಬ್ಬಳನ್ನು ನಿರ್ಮಿಸಿ ನಿಲ್ಲಿಸಿದನು. ಸಭೆಗೆ ಏನೂ ತಿಳಿಯಲಿಲ್ಲ. ಭಗವಂತರೊಬ್ಬರಿಗೆ ತಿಳಿಯಿತು. ಸತ್ತವರ ದನಿಯನ್ನೂ ಯಂತ್ರಗಳಿಂದ ಮರಳಿ ಹಾಡಿಸಬಲ್ಲ ಇಂದಿನ ದಿನಗಳಲ್ಲಿ ಈ ಪ್ರಸಂಗವನ್ನು ನೆನೆಯುವುದು ಉಚಿತ. ಇಂದ್ರನ ಮಾಯೆಯಲ್ಲಿ ತಾಳ ತಪ್ಪಲಿಲ್ಲ, ಹೆಜ್ಜೆ ತಪ್ಪಲಿಲ್ಲ. ಜೀವವೊಂದು ಮಾತ್ರ ಅಲ್ಲಿಂದ ಹೊರಟುಹೋಗಿತ್ತು. ಕಲೆಯಲ್ಲಿ ಜೀವವನ್ನು ಗುರುತಿಸುವ ಹೊಣೆ ಕಲಾವಿದನಿಗಿರುವಷ್ಟೇ ನೋಡುವವರಿಗೂ ಕೇಳುವವರಿಗೂ ಇದೆ.

ಪುರಾಣದ ಮಾತು ಇಂದಿಗೆ ಸಲ್ಲದೆಂದು ಯಾರಾದರೂ ಭಾವಿಸಿದರೆ ನಮ್ಮ ನಾಡಿನ ಸಮೀಪಕಾಲದ ಎರಡು ನಿದರ್ಶನಗಳನ್ನು ನೋಡಬಹುದು. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಪಂಡಿತ ಮಲ್ಲಿಕಾರ್ಜುನ ಮನಸೂರರು ಮೊದಲು ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಅವರಲ್ಲಿ ಕಲಿತರು. ಧ್ವನಿಮುದ್ರಿಕೆಗಳು ಹೊರಬಂದು ಹೆಸರು ಹರಡಿದ ಮೇಲೆ ಮಂಜೀಖಾನರ ಎದುರು ಮತ್ತೆ ಶಿಷ್ಯರಾಗಿ ಕುಳಿತರು. ಮಂಜೀಖಾನರು 1937ರಲ್ಲಿ ತೀರಿಕೊಂಡಾಗ ಅವರ ಸೋದರ ಬುರ್ಜೀಖಾನರಲ್ಲಿ ಅಭ್ಯಾಸವನ್ನು ಮುಂದುವರಿಸಿದರು. ಚಪ್ಪಾಳೆ ಬರತೊಡಗಿದ ಮೇಲೆ ಕಲಿಯುವುದು ಕಲಿಯದಿದ್ದಾಗ ಕಲಿಯುವುದಕ್ಕಿಂತ ಕಷ್ಟ. ಮಾನಕಷಾಯವನ್ನು ಮಂದಮಾಡಿಕೊಳ್ಳದೆ ಅದು ಸಾಧ್ಯವಾಗದು. 1992ರಲ್ಲಿ ಅವರು ನಿಧನರಾಗುವವರೆಗೂ ನಾಡು ಅವರ ಗಾನದಲ್ಲಿ ಕಂಡ ಬಿಗುವಿಗೂ ಗಾಂಭೀರ್ಯಕ್ಕೂ ಈ ವಿನಯವೇ ತಳಹದಿ.

ಎರಡನೆಯ ನಿದರ್ಶನ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರಿಗೂ ಅನಾಥರಿಗೂ ಅಲ್ಲಿ ಅನ್ನವನ್ನೂ ಸಂಗೀತವನ್ನೂ ಒಟ್ಟಿಗೆ ನೀಡಿದರು. ಅವರ ಶಿಷ್ಯರಾದ, ಸ್ವತಃ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು (1914–2010) ಅದನ್ನು ಇನ್ನಷ್ಟು ಬೆಳೆಸಿದರು. ಶಾರ್ಙ್ಗದೇವನು ಗಾಯಕರನ್ನು ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವುಕ ಎಂದು ಐದು ಬಗೆಯಾಗಿ ವಿಂಗಡಿಸುವಾಗ ಕಲಿಸಬಲ್ಲ ಶಿಕ್ಷಾಕಾರನನ್ನು ಮೊದಲು ಹೆಸರಿಸುತ್ತಾನೆ. ಜನರಂಜನೆ ಮಾಡುವ ರಂಜಕನ ಹೆಸರು ನಾಲ್ಕನೆಯದು. ಈ ಕ್ರಮವನ್ನು ನಾವು ತಲೆಕೆಳಗು ಮಾಡಿದ್ದೇವೆಯೇ ಎಂದು ಯೋಚಿಸಬೇಕಾಗಿದೆ.

ನಮ್ಮ ಬಸದಿಗಳು ಸಂಗೀತದ ಪಾಠಶಾಲೆಗಳೂ ಆಗಿದ್ದವೆಂಬುದನ್ನು ಮರೆಯಬಾರದು. ಹುಟ್ಟಿನಿಂದಲೇ ದೃಷ್ಟಿಯಿಲ್ಲದಿದ್ದ, ಮುಂದೆ ಚಲನಚಿತ್ರರಂಗದಲ್ಲಿ ಪ್ರಸಿದ್ಧರಾದ ಸಂಗೀತ ನಿರ್ದೇಶಕ ರವೀಂದ್ರ ಜೈನ್ (1944–2015) ಅಲೀಗಢದಲ್ಲಿ ಬಾಲಕರಾಗಿದ್ದಾಗ ಜಿನಮಂದಿರಗಳಲ್ಲಿ ಭಜನೆ ಹಾಡುತ್ತಲೇ ಬೆಳೆದವರು. ಒಂದು ಮಗುವಿಗೆ ಹಾಡಲು ಅವಕಾಶ ಕೊಟ್ಟ ಮಂದಿರ ಏನನ್ನು ಬೆಳೆಸುತ್ತಿದೆಯೆಂಬುದು ಆಗ ಯಾರಿಗೂ ತಿಳಿದಿರುವುದಿಲ್ಲ.

ಹೀಗಿರುವಾಗ ಇಂದು ನಾವು ಮಾಡುತ್ತಿರುವುದೇನು? ಅನೇಕ ಉತ್ಸವಗಳಲ್ಲಿ ಸಿನಿಮಾ ಧಾಟಿಗೆ ಜಿನನಾಮವನ್ನು ಹೊಂದಿಸಿದ ಗೀತೆಗಳು ದೊಡ್ಡ ಧ್ವನಿವರ್ಧಕಗಳಲ್ಲಿ ಮೊಳಗುತ್ತವೆ. ಧಾಟಿ ಎಲ್ಲಿಂದ ಬಂತೆಂಬುದು ನನ್ನ ಮುಖ್ಯ ಆಕ್ಷೇಪವಲ್ಲ. ದೇಶೀ ಧಾಟಿಗಳಿಗೆ ನಮ್ಮ ಪರಂಪರೆ ಎಂದೂ ಬಾಗಿಲು ಮುಚ್ಚಿಲ್ಲ. ದಿಗಂಬರ ವಿದ್ವಾಂಸ ಪಾರ್ಶ್ವದೇವನ ಸಂಗೀತಸಮಯಸಾರವು ದೇಶೀ ಸಂಗೀತಕ್ಕೆ ವಿಶೇಷ ಗಮನ ಕೊಟ್ಟ ಗ್ರಂಥ. ಆದರೆ ಅದೇ ಗ್ರಂಥದಲ್ಲಿ ಗಾಯಕರ ಸ್ಪರ್ಧೆಯನ್ನು ನಡೆಸುವ ಸಭಾಪತಿಗೂ ತೀರ್ಪು ಕೊಡುವ ಸಭ್ಯರಿಗೂ ಇರಬೇಕಾದ ಲಕ್ಷಣಗಳ ವಿಚಾರವಿದೆ. ಗಾಯಕನಲ್ಲಿ ಮಾತ್ರವಲ್ಲದೆ ಕರೆಸುವವರಲ್ಲಿಯೂ ಯೋಗ್ಯತೆ ಇರಬೇಕೆಂಬುದು ಅದರ ಆಶಯ. ನನ್ನ ಆಕ್ಷೇಪವಿರುವುದು ಇಲ್ಲಿ. ಬಸದಿಯ ಪಕ್ಕದ ಮನೆಯಲ್ಲಿ ರೋಗಿಯಿದ್ದಾನೆಯೇ, ಪರೀಕ್ಷೆಗೆ ಓದುವ ಮಗುವಿದೆಯೇ, ಮರದ ಮೇಲೆ ಹಕ್ಕಿಗಳಿವೆಯೇ ಎಂದು ಕೇಳದೆ ಮೊಳಗಿಸುವ ಭಕ್ತಿಗೀತೆಯಲ್ಲಿ ಯಶೋಮತಿಯ ಬಾಣದ ಅಂಶವಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಿಗೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್ ಮಿತಿಯನ್ನು ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸಿವೆ. ಸರ್ಕಾರದ ನಿಯಮಕ್ಕಿಂತ ಮೊದಲು ಅಣುವ್ರತಿಗಳಾದ ನಮಗೇ ಈ ಮಿತಿ ಹೊಳೆಯಬೇಕಾಗಿತ್ತು.

ವಿಶ್ವಸ್ತ ಮಂಡಳಿಗಳ ಮುಂದೆ ಕೆಲವು ವಿನಮ್ರ ಸೂಚನೆಗಳನ್ನಿಡುತ್ತೇನೆ. ಉತ್ಸವಕ್ಕೆ ದೂರದ ಹೆಸರಾಂತ ಗಾಯಕರನ್ನು ಕರೆಸುವುದು ಇರಲಿ. ಅದರ ವೆಚ್ಚದ ಒಂದು ಭಾಗವನ್ನು ಊರಿನ ಮಕ್ಕಳಿಗೆ ವರ್ಷವಿಡೀ ಕಲಿಸುವ ಒಬ್ಬ ಶಿಕ್ಷಕರಿಗೆ ಮೀಸಲಿಡಬಹುದು. ಹಾಡುವವರು ಹಾಡುವ ಸ್ತೋತ್ರದ ಅರ್ಥವನ್ನು ಮೊದಲು ಒಂದೆರಡು ಮಾತುಗಳಲ್ಲಿ ಹೇಳಿ ಹಾಡುವ ಪದ್ಧತಿಯನ್ನು ರೂಢಿಸಬಹುದು. ಪಕ್ಕವಾದ್ಯದವರಿಗೂ ಧ್ವನಿವರ್ಧಕ ನೋಡಿಕೊಳ್ಳುವವರಿಗೂ ಗಾಯಕರೊಡನೆ ಒಂದೇ ಪಂಕ್ತಿಯಲ್ಲಿ ಊಟ, ಸಮಯಕ್ಕೆ ಸರಿಯಾದ ಸಂಭಾವನೆ ದೊರೆಯುವಂತೆ ನೋಡಿಕೊಳ್ಳಬಹುದು. ಮುಖ್ಯ ಗಾಯಕರು ತಬಲಾದವರನ್ನು, ಹಾರ್ಮೋನಿಯಂ ನುಡಿಸುವವರನ್ನು ವೇದಿಕೆಯ ಹಿಂದೆ ಹೇಗೆ ನಡೆಸಿಕೊಳ್ಳುತ್ತಾರೆಂಬುದನ್ನು ಮಂಡಳಿಯವರು ಗಮನಿಸಿದರೆ ಮುಂದಿನ ವರ್ಷದ ಆಯ್ಕೆಗೆ ಅದು ಕಂಠಕ್ಕಿಂತ ಕಡಿಮೆಯ ಆಧಾರವಾಗಲಾರದು.

ಕೊನೆಯದಾಗಿ ಒಂದು ಮಾತು. ನಮ್ಮ ಗೃಹಸ್ಥರಿಗೆ ಶ್ರಾವಕರೆಂದು ಹೆಸರು. ಶ್ರಾವಕನೆಂದರೆ ಕೇಳುವವನು. ತನ್ನ ಅನುಯಾಯಿಗಳನ್ನು ಕೇಳುವವರೆಂದು ಕರೆದ ಧರ್ಮದಲ್ಲಿ ಹುಟ್ಟಿದ ನಾವು ಸಂಗೀತಗಾರನನ್ನು ಅಳೆಯಲು ಬೇರೆ ಅಳತೆಗೋಲನ್ನು ಹುಡುಕಬೇಕಾಗಿಲ್ಲ. ಸ್ವರವನ್ನು ತಪ್ಪದೆ ಕೇಳುವ ಅವಧಾನ, ತನಗಿಂತ ಬಲ್ಲವರನ್ನು ಕೇಳುವ ವಿನಯ, ಎದುರಿನ ಜೀವವನ್ನು ಕೇಳುವ ಕರುಣೆ – ಈ ಮೂರೂ ಇರುವವರು ಬಸದಿಯ ಜಗಲಿಯ ಮೇಲೆ ಕುಳಿತು ನಾಲ್ಕು ಮಕ್ಕಳಿಗೆ ಸ್ತೋತ್ರ ಹೇಳಿಕೊಡುವ ಹಿರಿಯ ಶ್ರಾವಿಕೆಯೇ ಆಗಿದ್ದರೂ ಅವರನ್ನು ಸಂಗೀತಗಾರರೆಂದು ಕರೆಯಲು ನಾವು ಸಂಕೋಚಪಡಬೇಕಾಗಿಲ್ಲ.